ದೇವರ ಕೆಲಸದ ಗಡಿಬಿಡಿಯಲ್ಲಿ ದೇವರಿಗೇ ಸಮಯವಿಲ್ಲವೇ?

2025ರ ಮೇ ತಿಂಗಳ ಆರಂಭದಲ್ಲಿ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯ ಫಲಿತಾಂಶ ಪ್ರಕಟವಾದಾಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಶೇಕಡಾ 91.12ರೊಂದಿಗೆ ರಾಜ್ಯಕ್ಕೆ ಮೊದಲ ಸ್ಥಾನ ಪಡೆಯಿತು. ಪಟ್ಟಿಯ ಕಟ್ಟಕಡೆಯಲ್ಲಿ ಇದ್ದದ್ದು ಕಲಬುರಗಿ ಜಿಲ್ಲೆ. ಅಲ್ಲಿ ತೇರ್ಗಡೆಯಾದವರು ಶೇಕಡಾ 42.43 ಮಾತ್ರ. ಒಂದೇ ರಾಜ್ಯ, ಒಂದೇ ಪ್ರಶ್ನೆಪತ್ರಿಕೆ, ಆದರೆ ಅಂತರ ಎಷ್ಟು! ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಭೀಮಾ ನದಿ ಉಕ್ಕಿ ಹರಿದು ಅಫಜಲಪುರ, ಜೇವರ್ಗಿ ತಾಲೂಕುಗಳ ನದಿತೀರದ ಹಳ್ಳಿಗಳಿಗೆ ನೀರು ನುಗ್ಗಿತು. ಹೊಲದಲ್ಲಿ ನಿಂತಿದ್ದ ಬೆಳೆ ಕೊಳೆತುಹೋಯಿತು.

ಇಂತಹ ಸುದ್ದಿಗಳನ್ನು ಓದುವಾಗ ಕ್ರೈಸ್ತ ಹೃದಯ ಮಿಡಿಯುತ್ತದೆ. ಮಾಡಬೇಕಾದ ಕೆಲಸ ಎಷ್ಟೊಂದಿದೆ ಎಂದು ಮನಸ್ಸು ಚಡಪಡಿಸುತ್ತದೆ. ಒಳ್ಳೆಯದೇ. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಇಷ್ಟೊಂದು ಅಗತ್ಯ ಕಣ್ಣೆದುರು ಇರುವಾಗ ಪರಮ ಪ್ರಸಾದದ ಮುಂದೆ ಒಂದು ಗಂಟೆ ಸುಮ್ಮನೆ ಕುಳಿತುಕೊಳ್ಳುವುದು ಸರಿಯೇ? ಅದು ಹೊಟ್ಟೆ ತುಂಬಿದವರ ಭಕ್ತಿಯಲ್ಲವೇ? ಹಸಿದವನ ಮುಂದೆ ಜಪಮಾಲೆ ಹಿಡಿದು ಕುಳಿತರೆ ಅವನ ಹೊಟ್ಟೆ ತುಂಬೀತೇ?

ಪ್ರಾರ್ಥನೆಯನ್ನು ಹಗುರವಾಗಿ ಕಾಣುವವರಷ್ಟೇ ಕೇಳುವ ಪ್ರಶ್ನೆ ಇದಲ್ಲ. ಒಳ್ಳೆಯ ಧರ್ಮಗುರುಗಳು, ಧರ್ಮಭಗಿನಿಯರು, ಧರ್ಮೋಪದೇಶಕರು ದಿನದ ಕೊನೆಯಲ್ಲಿ ಸುಸ್ತಾಗಿ ಕುಳಿತಾಗ ಕೇಳಿಕೊಳ್ಳುವ ಪ್ರಶ್ನೆಯೂ ಹೌದು. ಆದುದರಿಂದ ಅದನ್ನು ತಳ್ಳಿಹಾಕದೆ, ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ.

ಮೂರು ತಾಲೂಕು, ಒಂದು ನೀರು

ಮಂಗಳೂರಿನಿಂದ ಐನೂರು ಕಿಲೋಮೀಟರಿಗೂ ಹೆಚ್ಚು ದೂರದ ಈ ನಾಡು ನಮ್ಮಲ್ಲಿ ಹಲವರಿಗೆ ಹೆಸರು ಮಾತ್ರ. ಆಳಂದ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿದೆ. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ನದಿ ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಅಲ್ಲಿಂದ ಜೇವರ್ಗಿಯ ಕಡೆಗೆ ಸಾಗುತ್ತಾಳೆ. ಬೇಸಿಗೆಯಲ್ಲಿ ಕಲ್ಲು ಮರಳು ಕಾಣುವ ಇದೇ ನದಿ ಮಳೆಗಾಲದಲ್ಲಿ ಊರನ್ನೇ ನುಂಗುವಂತೆ ಬರುತ್ತದೆ. 2020ರ ಅಕ್ಟೋಬರಿನಲ್ಲಿ ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜಿನಿಂದ ಸುಮಾರು 8 ಲಕ್ಷ ಕ್ಯುಸೆಕ್ ನೀರು ಹರಿದಾಗ ಜನ ಮನೆಮಠ ಬಿಟ್ಟು ಎತ್ತರದ ಜಾಗ ಹುಡುಕಿಕೊಂಡು ಹೋಗಬೇಕಾಯಿತು.

ಇದು ತೊಗರಿಯ ಕಣಜ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ನಾವು ಕರಾವಳಿಯಲ್ಲಿ ಸಾಂಬಾರಿಗೆ ಹಾಕುವ ಬೇಳೆಯಲ್ಲಿ ಈ ನೆಲದ ಬೆವರು ಇದೆ. ಆದರೆ ಬೆಳೆ ಬೆಳೆಯುವವನ ಮನೆಯಲ್ಲಿ ವರ್ಷವಿಡೀ ಕೆಲಸವಿಲ್ಲ. ತೊಗರಿ ರಾಶಿಯಾದ ಮೇಲೆ ಹಳ್ಳಿಗಳಿಂದ, ಲಂಬಾಣಿ ತಾಂಡಾಗಳಿಂದ ಜನ ಮುಂಬಯಿ, ಪುಣೆ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಅಪ್ಪ ಅಮ್ಮನ ಜೊತೆ ಮಕ್ಕಳೂ ಹೋಗುತ್ತಾರೆ. ಪರೀಕ್ಷೆಯ ಫಲಿತಾಂಶ ಕುಸಿಯುವುದಕ್ಕೆ ಇದೂ ಒಂದು ಕಾರಣ. ಹಿಂದುಳಿದಿರುವಿಕೆಯನ್ನು ಸರಿಪಡಿಸಲೆಂದು 2012ರಲ್ಲಿ ಸಂವಿಧಾನಕ್ಕೆ 371(ಜೆ) ವಿಧಿಯನ್ನು ಸೇರಿಸಲಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರೂ ಬಂತು. ಹೆಸರು ಬದಲಾದಷ್ಟು ಬೇಗ ಬದುಕು ಬದಲಾಗುವುದಿಲ್ಲ ಎಂಬುದಕ್ಕೆ ಮೇಲಿನ ಅಂಕಿಗಳೇ ಸಾಕ್ಷಿ.

ಈ ಮೂರು ತಾಲೂಕುಗಳು ಗುಲ್ಬರ್ಗ ಧರ್ಮಪ್ರಾಂತ್ಯಕ್ಕೆ ಸೇರಿವೆ. 2005ರ ಜೂನ್ 24ರಂದು ಸ್ಥಾಪನೆಯಾದ ಈ ಧರ್ಮಪ್ರಾಂತ್ಯ ನಮ್ಮ ಉಡುಪಿ ಧರ್ಮಪ್ರಾಂತ್ಯಕ್ಕಿಂತ ಏಳು ವರ್ಷ ಹಿರಿಯದು. ವಂದನೀಯ ರಾಬರ್ಟ್ ಮೈಕಲ್ ಮಿರಾಂದಾ ಅದರ ಮೊದಲ ಧರ್ಮಾಧ್ಯಕ್ಷರು. ಕ್ರೈಸ್ತರ ಸಂಖ್ಯೆ ತೀರಾ ಕಡಿಮೆ. ಕರಾವಳಿಯ ಒಂದು ದೊಡ್ಡ ಧರ್ಮಕೇಂದ್ರದಲ್ಲಿ ಭಾನುವಾರ ಸೇರುವಷ್ಟು ಜನ ಅಲ್ಲಿ ಎಷ್ಟೋ ಹಳ್ಳಿಗಳನ್ನು ಒಟ್ಟುಗೂಡಿಸಿದರೂ ಸಿಗುವುದಿಲ್ಲ. ಕರಾವಳಿಯ ಮನೆಗಳಿಂದ ಹೋದ ಧರ್ಮಗುರುಗಳೂ ಧರ್ಮಭಗಿನಿಯರೂ ಆ ಸೀಮೆಯಲ್ಲಿ ದುಡಿದಿದ್ದಾರೆ.

ಸೇವೆಯ ಹೊರೆ ಮತ್ತು ಕಾಗದದ ಹೊರೆ

ಇಂತಹ ನಾಡಿನಲ್ಲಿ ಕೆಲಸ ಮಾಡುವವರಿಗೆ ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ಸಾಲುವುದಿಲ್ಲ. ಶಾಲೆ, ವಿದ್ಯಾರ್ಥಿನಿಲಯ, ಸ್ವಸಹಾಯ ಸಂಘ, ರೋಗಿಗಳ ಭೇಟಿ, ನೆರೆ ಬಂದರೆ ಪರಿಹಾರ, ಬರ ಬಂದರೆ ಕುಡಿಯುವ ನೀರು. ಇದರ ಮೇಲೆ ಕಾಗದಪತ್ರಗಳು. 2020ರ ಸೆಪ್ಟೆಂಬರಿನಲ್ಲಿ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಗೆ ತಿದ್ದುಪಡಿ ಬಂದ ಮೇಲೆ ವಿದೇಶದ ನೆರವು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯ ಖಾತೆಗೆ ಬರಬೇಕು. ಆಡಳಿತ ವೆಚ್ಚದ ಮಿತಿ ಶೇಕಡಾ 50ರಿಂದ 20ಕ್ಕೆ ಇಳಿಯಿತು. ಒಂದು ಸಂಸ್ಥೆ ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಕಾನೂನನ್ನು ಪಾಲಿಸಲೇಬೇಕು, ಲೆಕ್ಕ ಶುದ್ಧವಾಗಿರಲೇಬೇಕು. ಆದರೆ ಹಳ್ಳಿಗಳಲ್ಲಿ ಸಣ್ಣ ಸಣ್ಣ ಕೆಲಸ ಮಾಡುತ್ತಿದ್ದ ಎಷ್ಟೋ ಸಂಸ್ಥೆಗಳಿಗೆ ಇದರಿಂದ ಕೈ ಕಟ್ಟಿದಂತಾಗಿದೆ.

ಇಲ್ಲಿಯೇ ಒಂದು ಗಂಭೀರ ಪ್ರಶ್ನೆ ನಮ್ಮ ಮುಂದೆ ಬಂದು ನಿಲ್ಲುತ್ತದೆ. ನಾಳೆ ಹಣ ನಿಂತುಹೋದರೆ, ಯೋಜನೆ ಮುಗಿದರೆ, ಪರವಾನಗಿ ಸಿಗದಿದ್ದರೆ ಆ ಹಳ್ಳಿಯಲ್ಲಿ ಧರ್ಮಸಭೆಯದ್ದೆಂದು ಉಳಿಯುವುದು ಏನು? ಚಟುವಟಿಕೆಯೇ ನಮ್ಮ ಗುರುತಾಗಿದ್ದರೆ ಚಟುವಟಿಕೆಯ ಜೊತೆ ನಾವೂ ಇಲ್ಲವಾಗುತ್ತೇವೆ. ದೇವರ ಜೊತೆಗಿನ ಒಡನಾಟವೇ ಬೇರಾಗಿದ್ದರೆ ಕೊಂಬೆ ಕಡಿದರೂ ಮರ ಚಿಗುರುತ್ತದೆ.

ಶುಭಸಂದೇಶದ ಕ್ರಮ

ಮಾರ್ತಾ ಮತ್ತು ಮರಿಯಳ ಪ್ರಸಂಗ ನಮಗೆಲ್ಲ ಬಾಯಿಪಾಠ. ಆದರೆ ಸಂತ ಲೂಕರು ಅದನ್ನು ಎಲ್ಲಿ ಇಟ್ಟಿದ್ದಾರೆ ಎಂಬುದನ್ನು ಗಮನಿಸುವವರು ಕಡಿಮೆ. ಹತ್ತನೇ ಅಧ್ಯಾಯದಲ್ಲಿ ಅದಕ್ಕೆ ಸ್ವಲ್ಪ ಮೊದಲು ಬರುವುದು ಒಳ್ಳೆಯ ಸಮಾರಿಯನ ಸಾಮತಿ. ಅದರ ನಂತರ, ಹನ್ನೊಂದನೇ ಅಧ್ಯಾಯದ ಆರಂಭದಲ್ಲಿ ಬರುವುದು ಯೇಸುಸ್ವಾಮಿ ಶಿಷ್ಯರಿಗೆ ಪ್ರಾರ್ಥನೆ ಕಲಿಸಿದ ಪ್ರಸಂಗ. ದಾರಿಯಲ್ಲಿ ಬಿದ್ದವನನ್ನು ಕಂಡೂ ಕಾಣದಂತೆ ದಾಟಿಹೋದ ಯಾಜಕನನ್ನು ಖಂಡಿಸಿದ ಸ್ವಾಮಿಯೇ ಮುಂದಿನ ಊರಿನಲ್ಲಿ ಪಾದದ ಬಳಿ ಕುಳಿತ ಮರಿಯಳನ್ನು ಮೆಚ್ಚಿಕೊಳ್ಳುತ್ತಾರೆ. ಆದುದರಿಂದ ಸೇವೆಯೋ ಪ್ರಾರ್ಥನೆಯೋ ಎಂಬ ಜಗಳ ಇಲ್ಲಿ ಇಲ್ಲ. ಮಾರ್ತಾಳ ಅಡುಗೆಯನ್ನು ಸ್ವಾಮಿ ಬೇಡವೆನ್ನಲಿಲ್ಲ. ಅವಳ ತಳಮಳವನ್ನು, ತಂಗಿಯ ಮೇಲಿನ ದೂರನ್ನು ಎತ್ತಿ ತೋರಿಸಿದರು. ಕೆಲಸದ ಭರದಲ್ಲಿ ಅತಿಥಿಯೇ ಮರೆತುಹೋದದ್ದು ಅಲ್ಲಿನ ಕೊರತೆ.

ಸಂತ ಮಾರ್ಕರ ಶುಭಸಂದೇಶದಲ್ಲಿ ಹನ್ನೆರಡು ಮಂದಿಯನ್ನು ಆರಿಸಿದ ಉದ್ದೇಶವನ್ನು ಹೇಳುವಾಗಲೂ ಇದೇ ಕ್ರಮ. ಮೊದಲು ತಮ್ಮೊಡನೆ ಇರಲು, ಆಮೇಲೆ ಕಳುಹಿಸಲು. ಜೊತೆಗಿರದವನನ್ನು ಕಳುಹಿಸಿದರೆ ಅವನು ಯಾರ ಸುದ್ದಿಯನ್ನು ಹೇಳಿಯಾನು?

ಕಫೆರ್ನವುಮಿನ ಪ್ರಸಂಗ ಇನ್ನೂ ಸ್ಪಷ್ಟ. ಸಂಜೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು. ಮರುದಿನ ನಸುಕಿನಲ್ಲೇ ಯೇಸು ಎದ್ದು ಏಕಾಂತ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರು. ಪೇತ್ರ ಹುಡುಕಿಕೊಂಡು ಬಂದು ಎಲ್ಲರೂ ನಿಮ್ಮನ್ನೇ ಅರಸುತ್ತಿದ್ದಾರೆ ಎಂದಾಗ, ಅವರು ಆ ಜನಪ್ರಿಯತೆಗೆ ಮರಳಲಿಲ್ಲ. ಬೇರೆ ಊರುಗಳಿಗೆ ಹೋಗೋಣ ಎಂದರು. ಯಾವುದಕ್ಕೆ ಹೌದು ಎನ್ನಬೇಕು, ಯಾವುದಕ್ಕೆ ಇಲ್ಲ ಎನ್ನಬೇಕು ಎಂಬ ಸ್ವಾತಂತ್ರ್ಯ ಆ ನಸುಕಿನ ಪ್ರಾರ್ಥನೆಯಿಂದ ಬಂತು. ಪ್ರಾರ್ಥನೆಯಿಲ್ಲದ ಸೇವಕನಿಗೆ ಈ ಸ್ವಾತಂತ್ರ್ಯವಿಲ್ಲ. ಯಾರು ಜೋರಾಗಿ ಕರೆಯುತ್ತಾರೋ ಅತ್ತ ಓಡುತ್ತಾನೆ.

ಜಗದ್ಗುರುಗಳ ಎಚ್ಚರಿಕೆ

ಹೊಸ ಸಹಸ್ರಮಾನದ ಹೊಸ್ತಿಲಲ್ಲಿ, 2001ರ ಜನವರಿ 6ರಂದು, ಸಂತ ಎರಡನೇ ಜಾನ್ ಪಾಲರು ‘ನೋವೊ ಮಿಲ್ಲೆನ್ನಿಯೊ ಇನೆಉಂತೆ’ ಎಂಬ ಪತ್ರವನ್ನು ಬರೆದರು. ಮಾಡಬೇಕೆಂದು ಮಾಡುತ್ತಲೇ ಇರುವ ಚಪಲದ ಬಗ್ಗೆ ಅದರಲ್ಲಿ ಎಚ್ಚರಿಸಿ, ಮಾಡುವುದಕ್ಕಿಂತ ಮೊದಲು ಆಗುವುದನ್ನು ಕಲಿಯಬೇಕು ಎಂದು ಮಾರ್ತಾಳನ್ನೇ ನೆನಪಿಸಿದರು. 2014ರ ಡಿಸೆಂಬರ್ 22ರಂದು ಜಗದ್ಗುರು ಫ್ರಾನ್ಸಿಸರು ವ್ಯಾಟಿಕನ್ನಿನ ತಮ್ಮ ಸಹಾಯಕರ ಮುಂದೆ ಹದಿನೈದು ಆತ್ಮಿಕ ಕಾಯಿಲೆಗಳ ಪಟ್ಟಿ ಇಟ್ಟಾಗ ಎರಡನೆಯದಾಗಿ ಹೇಳಿದ್ದು ಮಾರ್ತಾಳ ಹೆಸರಿನ ಈ ಅತಿ ದುಡಿಮೆಯ ಕಾಯಿಲೆಯನ್ನೇ.

ನಮ್ಮ ಪ್ರಶ್ನೆಗೆ ನೇರ ಉತ್ತರ ಕೊಟ್ಟವರು ಜಗದ್ಗುರು ಹದಿನಾರನೇ ಬೆನೆಡಿಕ್ಟರು. 2005ರ ‘ದೇಉಸ್ ಕಾರಿತಾಸ್ ಎಸ್ತ್’ ಎಂಬ ವಿಶ್ವಪತ್ರದಲ್ಲಿ ಅವರು ಹೇಳುವುದೇನೆಂದರೆ, ಅಗತ್ಯಗಳು ಅಳತೆ ಮೀರಿದಾಗ ಸೇವಕನಿಗೆ ಎರಡು ಅಪಾಯಗಳಿವೆ. ಒಂದು, ದೇವರಿಂದಾಗದ್ದನ್ನು ತಾನೇ ಮಾಡಿ ಮುಗಿಸುತ್ತೇನೆಂಬ ಹಮ್ಮು. ಇನ್ನೊಂದು, ಏನು ಮಾಡಿದರೂ ಅಷ್ಟೇ ಎಂದು ಕೈಚೆಲ್ಲುವ ನಿರಾಶೆ. ಎರಡರಿಂದಲೂ ಕಾಪಾಡುವುದು ಪ್ರಾರ್ಥನೆ. ಸನ್ನಿವೇಶ ತುರ್ತಾಗಿರುವಾಗಲೂ ಪ್ರಾರ್ಥಿಸುವವನು ಸಮಯ ವ್ಯರ್ಥ ಮಾಡುತ್ತಿಲ್ಲ ಎನ್ನುವ ಅವರು ಉದಾಹರಣೆಯಾಗಿ ಕೊಡುವುದು ಕೋಲ್ಕತಾದ ಸಂತ ತೆರೇಸಾರನ್ನು. ಬೀದಿಯಲ್ಲಿ ಸಾಯುವವರ ಸಂಖ್ಯೆ ಕಡಿಮೆಯಾಗಲಿ, ಆಮೇಲೆ ಪ್ರಾರ್ಥಿಸೋಣ ಎಂದು ಆ ತಾಯಿ ಕಾಯಲಿಲ್ಲ. 1973ರಿಂದ ಅವರ ಸಭೆಯ ಧರ್ಮಭಗಿನಿಯರು ದಿನವೂ ಒಂದು ಗಂಟೆ ಪರಮ ಪ್ರಸಾದದ ಆರಾಧನೆ ಮಾಡತೊಡಗಿದರು. ಬಡವರ ಸೇವೆ ಅದರಿಂದ ಕುಗ್ಗಲಿಲ್ಲ.

ಇತ್ತೀಚಿನ ದಾಖಲೆಗಳಲ್ಲೂ ಇದೇ ಕ್ರಮ. 2024ರ ಅಕ್ಟೋಬರಿನಲ್ಲಿ ಜಗದ್ಗುರು ಫ್ರಾನ್ಸಿಸರು ಯೇಸುವಿನ ಪವಿತ್ರ ಹೃದಯದ ಕುರಿತು ‘ದಿಲೆಕ್ಸಿತ್ ನೋಸ್’ ಪತ್ರವನ್ನು ಕೊಟ್ಟರು. 2025ರ ಅಕ್ಟೋಬರಿನಲ್ಲಿ ಜಗದ್ಗುರು ಹದಿನಾಲ್ಕನೇ ಲಿಯೋ ಅವರು ಬಡವರ ಪ್ರೀತಿಯ ಕುರಿತು ‘ದಿಲೆಕ್ಸಿ ತೆ’ ಪತ್ರವನ್ನು ಕೊಟ್ಟರು. ಮೊದಲು ಹೃದಯ, ಅದರ ಬೆನ್ನಿಗೆ ಬಡವ. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಎರಡೂ ಅರ್ಥವಾಗುವುದಿಲ್ಲ.

ಆ ನೆಲ ಕಲಿಸುವ ಪಾಠ

ಆಳಂದ, ಅಫಜಲಪುರ, ಜೇವರ್ಗಿಯ ಜನ ಹಿಂದುಳಿದವರು ಎಂದು ಅಂಕಿಅಂಶ ಹೇಳುತ್ತದೆ. ಭಕ್ತಿಯಲ್ಲಿ ಅವರು ಹಿಂದುಳಿದವರಲ್ಲ. ಗಾಣಗಾಪುರದ ದತ್ತ ಕ್ಷೇತ್ರದಲ್ಲಿ ಸಂಗಮದ ಸ್ನಾನ ಮುಗಿಸಿದ ಭಕ್ತರು, ಅನುಕೂಲಸ್ಥರೂ ಕೂಡ, ಜೋಳಿಗೆ ಹಿಡಿದು ಮಧುಕರಿ ಭಿಕ್ಷೆ ಬೇಡುವ ಸಂಪ್ರದಾಯವಿದೆ. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಹಿಂದೂ ಮುಸಲ್ಮಾನ ಎನ್ನದೆ ಜನ ಬರುತ್ತಾರೆ. ದಾಸೋಹಕ್ಕೆ ಹೆಸರಾದ ಕಲಬುರಗಿಯ ಶರಣಬಸವೇಶ್ವರರು ಹುಟ್ಟಿದ್ದು ಹಳೆಯ ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ. ಹೊಲದ ತೆನೆಯನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟ ಅವರ ಕಥೆಯನ್ನು ಜನ ಇಂದಿಗೂ ಹೇಳುತ್ತಾರೆ. ಅವರ ಅನ್ನದಾನವನ್ನು ಜನ ಅವರ ಶಿವಭಕ್ತಿಯಿಂದ ಬೇರೆ ಮಾಡಿ ನೋಡುವುದಿಲ್ಲ.

ಎಳ್ಳ ಅಮಾವಾಸ್ಯೆಯ ದಿನವನ್ನು ನೋಡಿ. ಹಿಂಗಾರಿ ಜೋಳ, ಕಡಲೆ ಹೊಲದಲ್ಲಿ ನಿಂತಿರುವ ಕಾಲ, ಮಾಡಲು ಕೆಲಸ ಬೇಕಾದಷ್ಟಿದೆ. ಆದರೂ ಆ ದಿನ ರೈತ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೊಲಕ್ಕೆ ಹೋಗುತ್ತಾನೆ. ಭೂತಾಯಿಗೆ ಚರಗ ಚೆಲ್ಲಿ, ಬಂಧುಬಳಗದ ಜೊತೆ ಕುಳಿತು ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಉಣ್ಣುತ್ತಾನೆ. ದಿನವೂ ದುಡಿಯುವ ಹೊಲದಲ್ಲಿ ಅಂದು ದುಡಿಯುವುದಿಲ್ಲ, ಕೃತಜ್ಞತೆ ಸಲ್ಲಿಸುತ್ತಾನೆ. ಅವರ ನಂಬಿಕೆ ನಮ್ಮದಲ್ಲದಿರಬಹುದು. ಆದರೆ ಕೆಲಸ ನಿಲ್ಲಿಸಿ ದೇವರ ಮುಂದೆ ಕೈಜೋಡಿಸುವ ಆ ವಿವೇಕ ಬೈಬಲಿನ ಸಬ್ಬತ್ ದಿನಕ್ಕೆ ಹತ್ತಿರವಾದದ್ದು. ನಮ್ಮ ಮೊಂತಿ ಫೆಸ್ತಿನ ದಿನ ಹೊಸ ತೆನೆಯನ್ನು ಮಾತೆಯ ಮುಂದೆ ತರುವುದೂ ಇದೇ ಅರ್ಥದಲ್ಲಿ ಅಲ್ಲವೇ?

ಇಂತಹ ಜನರ ನಡುವೆ ಹೋದ ಕ್ರೈಸ್ತ ಸೇವಕನನ್ನು ಅವರು ಯಾವ ಕಣ್ಣಿನಿಂದ ನೋಡಿಯಾರು? ಕಟ್ಟಡ ಕಟ್ಟಿಸಲು ಗುತ್ತಿಗೆದಾರರಿದ್ದಾರೆ, ಯೋಜನೆ ತರಲು ತಾಲೂಕು ಪಂಚಾಯಿತಿ ಇದೆ. ಗುರುವಿನಲ್ಲಿ ಅವರು ಹುಡುಕುವುದು ದೇವರ ಮನುಷ್ಯನನ್ನು. ಅಲ್ಲಿ ಅವರಿಗೆ ಒಬ್ಬ ಸದಾ ಅವಸರದ ಕಾರ್ಯದರ್ಶಿ ಮಾತ್ರ ಕಂಡರೆ, ನಾವು ಕೊಟ್ಟ ಬೇಳೆ, ಅಕ್ಕಿ, ಪುಸ್ತಕ ಎಲ್ಲವೂ ಒಳ್ಳೆಯದೇ, ಆದರೆ ಕೊಡಲೆಂದೇ ಹೋದದ್ದನ್ನು ಕೊಡದೆ ಬಂದಂತೆ.

ಪ್ರಾರ್ಥನೆ ಪಲಾಯನವಾದರೆ?

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಪ್ರಾರ್ಥನೆಯ ನೆಪದಲ್ಲಿ ಕೆಲಸದಿಂದ ನುಣುಚಿಕೊಳ್ಳುವುದೂ ಇದೆ. ನೆರೆಮನೆಯವನ ಕಷ್ಟಕ್ಕೆ ಬಾಗಿಲು ಮುಚ್ಚಿ ನೊವೆನಾ ಮಾಡುವ ಭಕ್ತಿಯನ್ನು ಯೇಸುಸ್ವಾಮಿ ಮೆಚ್ಚಲಾರರು. ಹಾಗಾದರೆ ನಿಜವಾದ ಸಾಮೀಪ್ಯವನ್ನು ಗುರುತಿಸುವುದು ಹೇಗೆ? ಮೂರು ಗುರುತುಗಳನ್ನು ಹೇಳಬಹುದು. ಒಂದು, ಅದು ಮನುಷ್ಯನನ್ನು ಕಾಣಿಸುತ್ತದೆ. ಪ್ರಾರ್ಥಿಸುವವನ ಕಣ್ಣಿಗೆ ಬಡವ ಫಲಾನುಭವಿಗಳ ಪಟ್ಟಿಯ ಒಂದು ಸಂಖ್ಯೆಯಲ್ಲ, ಹೆಸರುಳ್ಳ ಅಣ್ಣ, ಅಕ್ಕ. ಎರಡು, ಅದು ಕೆಲಸವನ್ನು ಹಂಚಿಕೊಳ್ಳುತ್ತದೆ. ಪ್ರೇಷಿತರು ಊಟ ಬಡಿಸುವ ಹೊಣೆಯನ್ನು ಏಳು ಮಂದಿಗೆ ವಹಿಸಿ ತಾವು ಪ್ರಾರ್ಥನೆಗೂ ದೇವವಾಕ್ಯದ ಸೇವೆಗೂ ನಿಂತಾಗ ವಿಧವೆಯರ ಊಟ ನಿಲ್ಲಲಿಲ್ಲ, ಇನ್ನೂ ಚೆನ್ನಾಗಿ ನಡೆಯಿತು. ಮೂರು, ಅದು ಸೋಲನ್ನು ತಾಳಿಕೊಳ್ಳುತ್ತದೆ. ಯೋಜನೆ ಬಿದ್ದುಹೋದರೂ ಊರು ಬಿಟ್ಟು ಓಡುವುದಿಲ್ಲ.

ಕರಾವಳಿಯ ನಮಗೆ

ಪ್ರಿಯ ಓದುಗರೇ, ಇದು ದೂರದ ಮಿಷನ್ ಕೇಂದ್ರಗಳ ಸಮಸ್ಯೆ ಎಂದು ನಾವು ನಿರಾಳರಾಗುವಂತಿಲ್ಲ. ನಮ್ಮ ಧರ್ಮಕೇಂದ್ರಗಳ ಕ್ಯಾಲೆಂಡರನ್ನು ತೆರೆದು ನೋಡೋಣ. ವಾಳೆಯ ಸಭೆ, ಪಾಲನಾ ಪರಿಷತ್ತಿನ ಸಭೆ, ಯುವಜನರ ಕ್ರೀಡಾಕೂಟ, ಸಂಘಗಳ ವಾರ್ಷಿಕೋತ್ಸವ, ಹಬ್ಬದ ಸ್ಟಾಲು, ನಾಟಕ, ಸನ್ಮಾನ. ಒಂದು ಭಾನುವಾರವೂ ಖಾಲಿ ಇಲ್ಲ. ಇವೆಲ್ಲವೂ ಸಮುದಾಯವನ್ನು ಕಟ್ಟುವ ಕೆಲಸಗಳೇ. ಆದರೆ ಹಬ್ಬದ ದಿನ ಊಟದ ಕೂಪನ್ ಎಣಿಸುವ ಕಾರ್ಯಕರ್ತರಿಗೆ ಬಲಿಪೂಜೆಯ ಶುಭಸಂದೇಶ ಯಾವುದೆಂದು ತಿಳಿಯದೆ ಹೋದರೆ ಹಬ್ಬ ಯಾರದ್ದಾಯಿತು?

2020ರ ಮಾರ್ಚಿನಲ್ಲಿ ಕೊರೊನಾದಿಂದ ದೇಶ ಸಂಭವಿಸಿದ ಮೊದಲ ಸಾವನ್ನು ಕಂಡದ್ದು ಇದೇ ಕಲಬುರಗಿಯಲ್ಲಿ. ಅದೇ ತಿಂಗಳ ಕೊನೆಗೆ ಎಲ್ಲ ಚರ್ಚುಗಳ ಬಾಗಿಲು ಮುಚ್ಚಿತು. ಕಾರ್ಯಕ್ರಮಗಳೆಲ್ಲ ನಿಂತಾಗ ಉಳಿದದ್ದು ಮನೆಯ ಶಿಲುಬೆಯ ಮುಂದಿನ ಜಪಮಾಲೆ. ಪ್ರಾರ್ಥನೆಯ ಅಭ್ಯಾಸವಿದ್ದ ಮನೆಗಳು ಆ ದಿನಗಳಲ್ಲಿ ಧರ್ಮಸಭೆಯಾಗಿಯೇ ಉಳಿದವು. ಆ ಪಾಠ ನಮ್ಮ ಈಗಿನ ಕ್ಯಾಲೆಂಡರಿನಲ್ಲಿ ಎಲ್ಲಿದೆ?

ಇನ್ನೊಂದು ವಿಷಯ. ಮಂಗಳೂರು, ಉಡುಪಿಯಲ್ಲಿ ಏಳುವ ಬಹುಮಹಡಿ ಕಟ್ಟಡಗಳಲ್ಲಿ, ರಸ್ತೆ ಕಾಮಗಾರಿಗಳಲ್ಲಿ ದುಡಿಯುವವರಲ್ಲಿ ಉತ್ತರ ಕರ್ನಾಟಕದವರು ಬಹಳ ಮಂದಿ. ತಗಡಿನ ಶೆಡ್ಡಿನಲ್ಲಿ ವಾಸ, ಪಕ್ಕದಲ್ಲಿ ಆಡುವ ಮಕ್ಕಳು. ಮಿಷನ್ ಭಾನುವಾರದಂದು ದೂರದ ನಾಡಿಗಾಗಿ ಕಾಣಿಕೆ ಹಾಕುವ ನಾವು ನಮ್ಮ ಚರ್ಚಿನ ಆವರಣ ಗೋಡೆಯ ಆಚೆ ಬಂದು ನೆಲೆಸಿರುವ ಆ ನಾಡಿನ ಒಬ್ಬರ ಹೆಸರನ್ನಾದರೂ ಬಲ್ಲೆವೇ? ಅವರಿಗಾಗಿ ಇನ್ನೊಂದು ಸಮಿತಿ ಮಾಡೋಣವೆಂದು ನಾವು ಹೇಳುತ್ತಿಲ್ಲ. ಸಮಿತಿಗಳು ಸಾಕಷ್ಟಿವೆ. ಒಮ್ಮೆ ನಿಂತು ಯಾವ ಊರು ಅಣ್ಣ, ಮಕ್ಕಳು ಶಾಲೆಗೆ ಹೋಗುತ್ತಾರಾ ಅಕ್ಕ ಎಂದು ಕೇಳುವಷ್ಟು ಬಿಡುವು ನಮಗೆ ಬೇಕು. ಗಡಿಬಿಡಿಯಲ್ಲಿರುವವನಿಗೆ ಆ ಬಿಡುವು ಸಿಗುವುದಿಲ್ಲ. ಸಮಾರಿಯನು ನಿಂತನು, ಅದಕ್ಕೇ ಅವನಿಗೆ ಗಾಯ ಕಂಡಿತು.

ಏನು ಮಾಡಬಹುದು?

ದೊಡ್ಡ ಯೋಜನೆ ಬೇಡ. ಪಾಲನಾ ಪರಿಷತ್ತಿನ ಪ್ರತಿ ಸಭೆಯ ಮೊದಲ ಹದಿನೈದು ನಿಮಿಷ ಮುಂದಿನ ಭಾನುವಾರದ ಶುಭಸಂದೇಶವನ್ನು ಮೌನವಾಗಿ ಓದಿ ಧ್ಯಾನಿಸಲಿ, ವರದಿ ಆಮೇಲೆ ಬರಲಿ. ಪ್ರತಿ ಸಂಘವೂ ವರ್ಷದ ಕಾರ್ಯಕ್ರಮಗಳಲ್ಲಿ ಒಂದನ್ನು ಕೈಬಿಟ್ಟು ಆ ದಿನವನ್ನು ಆರಾಧನೆಗೆ ಕೊಡಲಿ. ವಾರದಲ್ಲಿ ಒಂದು ಸಂಜೆ ಚರ್ಚಿನ ಬಾಗಿಲು ತೆರೆದಿರಲಿ, ಧ್ವನಿವರ್ಧಕವಿಲ್ಲದೆ, ಭಾಷಣವಿಲ್ಲದೆ. ಧರ್ಮಗುರುಗಳು ಮೊದಲು ಅಲ್ಲಿ ಕುಳಿತಿದ್ದರೆ ಜನ ಬಂದೇ ಬರುತ್ತಾರೆ. ಮನೆಯಲ್ಲಿ ಟಿ.ವಿ., ಮೊಬೈಲು ಆರಿಸಿ ಹತ್ತು ನಿಮಿಷ ಒಟ್ಟಿಗೆ ಪ್ರಾರ್ಥಿಸಲಿ. ಮಿಷನ್ ಕೇಂದ್ರಗಳಿಗೆ ನೆರವು ಕಳುಹಿಸುವವರು ಎಷ್ಟು ಕೆಲಸ ಆಯಿತು ಎಂದು ಕೇಳುವ ಜೊತೆಗೆ ನೀವು ಹೇಗಿದ್ದೀರಿ, ಪ್ರಾರ್ಥನೆಗೆ ಸಮಯ ಸಿಗುತ್ತಿದೆಯೇ ಎಂದೂ ಕೇಳಲಿ. ಅಲ್ಲಿ ಒಂಟಿಯಾಗಿ ದುಡಿಯುವವರಿಗೆ ಆ ಪ್ರಶ್ನೆಯೇ ದೊಡ್ಡ ಆಸರೆ.

ಭೀಮೆಯ ದಡದ ರೈತನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಮಳೆ ಸುರಿದಾಗ ಉಕ್ಕುವ ನೀರು ಬೇಸಿಗೆಗೆ ಉಳಿಯುವುದಿಲ್ಲ, ನೆಲದೊಳಗೆ ಇಳಿದ ನೀರೇ ಬಾವಿಗೆ ಬರುತ್ತದೆ. ನಮ್ಮ ಸೇವೆಯೂ ಹಾಗೆಯೇ. ಕಲಬುರಗಿಯ ಮಕ್ಕಳು ಓದಬೇಕು, ನೆರೆಗೆ ಸಿಕ್ಕವರ ಮನೆ ಮತ್ತೆ ಏಳಬೇಕು, ಗುಳೆ ಹೋದವರಿಗೆ ನೆಲೆ ಸಿಗಬೇಕು. ಇದು ವರ್ಷಗಟ್ಟಲೆ ನಡೆಯಬೇಕಾದ ಕೆಲಸ. ಅಷ್ಟು ಕಾಲ ಬತ್ತದೆ ಇರಬೇಕಾದರೆ ನಾವು ಮೊದಲು ದೇವರ ಪಾದದ ಬಳಿ ಕುಳಿತುಕೊಳ್ಳಲೇಬೇಕು. ದ್ರಾಕ್ಷಿಬಳ್ಳಿಯಲ್ಲಿ ನೆಲೆಸಿದ ಕೊಂಬೆಯೇ ಫಲ ಕೊಡುವುದೆಂದು ಯೇಸುಸ್ವಾಮಿ ಹೇಳಿದ್ದು ಕೆಲಸ ಬಿಟ್ಟವರಿಗಲ್ಲ, ಕೆಲಸಕ್ಕೆ ಹೊರಟವರಿಗೆ. ಆ ನೆಲೆಸುವಿಕೆಯ ವರವನ್ನು ದೇವರು ನಮಗೆಲ್ಲರಿಗೂ, ವಿಶೇಷವಾಗಿ ಬಯಲುಸೀಮೆಯ ಬಿಸಿಲಲ್ಲಿ ದುಡಿಯುತ್ತಿರುವ ನಮ್ಮ ಸಹೋದರ ಸಹೋದರಿಯರಿಗೂ ಕರುಣಿಸಲಿ.